ತಮ್ಮ ತಂದ ಟ್ರ್ಯಾಕ್ಟರ್

ನಮ್ಮ ಮನೆಯ ಹಿಂದಿನ ಬೇಲಿಯಾಚೆ ಇನ್ನೂರು ನಿಂಬೆಮರಗಳಿದ್ದವು. ಅವನ್ನು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ತೋಟದಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ನಾನೂ ಹಾಗೇ ಕರೆಯುತ್ತಿದ್ದೆ. ತಂದೆ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು, ತಮ್ಮನಿಗೆ ಆರು. ತಾಯಿ ಅದಕ್ಕೂ ಮೊದಲೇ ಹೋಗಿದ್ದಳು. ಮದುವೆಯ ಮಾತು ಬಂದಾಗಲೆಲ್ಲ ಅಕ್ಕ, "ಇವನು ಮೊದಲು ದಡ ಸೇರಲಿ" ಎಂದು ಮುಂದೂಡಿದಳು. ಅವನು ದಡ ಸೇರಿ ಲಾರಿ ಓಡಿಸುವ ಹೊತ್ತಿಗೆ, ಕೇಳಿಕೊಂಡು ಬರುವವರು ಯಾರೂ ಉಳಿದಿರಲಿಲ್ಲ.

ತೋಟಕ್ಕೆ ನೀರು ಹೊತ್ತೇ ಹಾಕಬೇಕಿತ್ತು. ಬಾವಿ ಒಂದು ಮೂಲೆಯಲ್ಲಿ, ಮರಗಳು ಏರಿನ ಮೇಲೆ. ಬೇಸಗೆಯಲ್ಲಿ ಅವಳು ದಿನಕ್ಕೆ ಐವತ್ತು ಅರವತ್ತು ಕೊಡ ಹೊರುತ್ತಿದ್ದಳು. ವಯಸ್ಸು ಐವತ್ತು ದಾಟುವಷ್ಟರಲ್ಲಿ ಸೊಂಟ ಕೈಕೊಟ್ಟಿತು. ಕುಳಿತರೆ ಏಳಲಾರಳು, ಎದ್ದರೆ ನೆಟ್ಟಗೆ ನಿಲ್ಲಲಾರಳು. ಒಂದು ಸಲ ಊರಿಗೆ ಬಂದ ತಮ್ಮ, ಅವಳು ಬಾಗಿಲ ಚೌಕಟ್ಟು ಹಿಡಿದು ಅಡುಗೆಮನೆಗೆ ಹೋಗುವುದನ್ನು ನೋಡಿದ. ಮುಂದಿನ ತಿಂಗಳು ಲಾರಿ ಕೆಲಸ ಬಿಟ್ಟು ಹಳೆಯ ಟ್ರ್ಯಾಕ್ಟರ್ ಒಂದನ್ನೂ ನೀರಿನ ಟ್ಯಾಂಕರನ್ನೂ ತಂದು ಅಂಗಳದಲ್ಲಿ ನಿಲ್ಲಿಸಿದ.

"ಇನ್ನು ಮೇಲೆ ನೀನು ಕೊಡ ಮುಟ್ಟಿದ್ರೆ ನೋಡು" ಎಂದ.

"ಇಷ್ಟು ದೊಡ್ಡದು ಯಾಕೋ ತಂದಿದ್ದು?"

"ನಿನ್ನ ಸೊಂಟಕ್ಕಿಂತ ದೊಡ್ಡದೇನಲ್ಲ ಬಿಡು."

ಡ್ರೈವರ್ ಎಂದೇ ಅವನಿಗೆ ಹೆಸರಾಯಿತು. ಸಾಲಿನ ತುದಿಯಲ್ಲಿ ತಿರುಗಿಸುವಾಗ, ಮರ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೇನೋ ಎಂಬಂತೆ ಹಾರನ್ ಒತ್ತುತ್ತಿದ್ದ. ಅಕ್ಕ ಕಟ್ಟೆಯ ಮೇಲೆ ಕುಳಿತು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು. ಅವಳು ಹಾಗೆ ಕೆಲಸವಿಲ್ಲದೆ ಕುಳಿತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನೀರು, ಗೊಬ್ಬರ, ಔಷಧಿ, ಕೊನೆಗೆ ಕಾಯಿ ಸಾಗಿಸುವುದೂ ಗಾಲಿಯ ಮೇಲೆಯೇ. ಮಳೆ ಬಿದ್ದ ಮರುದಿನವೂ ಅವನು ಇಳಿಯುತ್ತಿದ್ದ. ಹಸಿ ಮಣ್ಣಿನಲ್ಲಿ ಗಾಲಿ ಹೂತು, ಎರಡು ಕಡೆ ಕಾಲುವೆಯಂತೆ ಗುರುತು ಬೀಳುತ್ತಿತ್ತು. "ಒಣಗಿದ ಮೇಲೆ ಉಳುಮೆ ಮಾಡಿದ್ರೆ ಸರಿಹೋಗುತ್ತೆ ಮೇಷ್ಟ್ರೆ" ಎನ್ನುತ್ತಿದ್ದ ನನ್ನ ಬಳಿ. ಉಳುಮೆಯನ್ನೂ ಮಾಡುತ್ತಿದ್ದ. ಮೇಲಿನ ಒಂದು ಗೇಣು ಹಿಟ್ಟಿನಂತೆ ಸಡಿಲವಾಗುತ್ತಿತ್ತು. ಅದರ ಕೆಳಗೇನಾಗುತ್ತಿದೆ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ನಾಲ್ಕನೆಯ ವರ್ಷ ಎಲೆ ಹಳದಿಯಾಯಿತು. ಬಾಯಾರಿಕೆಯಿರಬೇಕೆಂದು ಡ್ರೈವರ್ ಇನ್ನೊಂದು ಟ್ಯಾಂಕರ್ ನೀರು ಹೆಚ್ಚಿಗೆ ಹಾಕಿದ. ನೀರು ಇಂಗದೆ ಬುಡದಲ್ಲಿ ಎರಡು ದಿನ ನಿಂತಿತು. ಕೊಂಬೆಗಳು ತುದಿಯಿಂದ ಒಣಗುತ್ತ ಬಂದವು. ಕಾಯಿ ಗೋಲಿಯಷ್ಟಾಗಿ ಉದುರಿದವು.

ಅಕ್ಕನೇ ಹೇಳಿಕಳಿಸಿ ತೋಟಗಾರಿಕೆ ಅಧಿಕಾರಿಯನ್ನು ಕರೆಸಿದಳು. ಬಂದವಳು ಮಾತು ಕಡಿಮೆಯ ಹೆಂಗಸು. ಚೀಲದಿಂದ ಕಬ್ಬಿಣದ ಸಲಾಕೆ ತೆಗೆದು ಮರದ ನೆರಳಿನ ಅಂಚಿನಲ್ಲಿ ಒತ್ತಿದಳು. ಒಂದು ಗೇಣು ಸಲೀಸಾಗಿ ಇಳಿದ ಸಲಾಕೆ ಅಲ್ಲಿಗೆ ನಿಂತಿತು. ಡ್ರೈವರ್ ಮೈಭಾರವೆಲ್ಲ ಹಾಕಿ ಒತ್ತಿದರೂ ಅಲುಗಲಿಲ್ಲ. ಬೇಲಿಯ ಪಕ್ಕ, ಗಾಲಿ ತಲುಪದ ಜಾಗದಲ್ಲಿ ಅದೇ ಸಲಾಕೆ ಮೊಣಕಾಲುದ್ದ ಹೋಯಿತು.

ಗುಂಡಿ ತೋಡಿಸಿ ತೋರಿಸಿದಳು. ಬೇರುಗಳು ಕೆಳಗೆ ಇಳಿಯಲಾಗದೆ, ಬಂಡೆಗೆ ತಾಗಿದಂತೆ ಅಡ್ಡ ತಿರುಗಿ ಚಪ್ಪಟೆಯಾಗಿದ್ದವು. ಕೆಲವು ಕಪ್ಪಾಗಿ ಕೊಳೆತು ನಾರುತ್ತಿದ್ದವು.

"ಮಣ್ಣಿನೊಳಗೆ ಗಾಳಿ ಆಡೋಕೆ ಸಂದಿ ಇರಬೇಕು" ಎಂದಳು ಅಧಿಕಾರಿ. "ಹಸಿ ಇರುವಾಗ ಭಾರ ಬಿದ್ದರೆ ಆ ಸಂದಿಗಳೆಲ್ಲ ಮುಚ್ಚಿಹೋಗುತ್ತವೆ. ಬೇರಿಗೆ ಉಸಿರು ಕಟ್ಟುತ್ತೆ. ಮೇಲೆ ಎಷ್ಟು ಉತ್ತರೂ ಕೆಳಗಿನ ಗಟ್ಟಿ ಪದರ ಹಾಗೇ ಇರುತ್ತೆ. ಮಳೆಯಲ್ಲಿ ಗಾಡಿ ಇಳಿಸಿದ್ದು ಯಾರು?"

ಅಕ್ಕ ತಟ್ಟನೆ, "ನಾನೇ ಹೇಳಿ ಇಳಿಸಿದ್ದು ಮೇಡಂ" ಎಂದಳು. "ಇವನು ಬೇಡ ಅಂದಿದ್ದ."

ಡ್ರೈವರ್ ಗುಂಡಿಯೊಳಗೆ ನಿಂತಿದ್ದ. ಮುಖ ಎತ್ತಲಿಲ್ಲ. "ಇಲ್ಲ ಮೇಡಂ" ಎಂದ. "ನಾನೇ."

ಆವತ್ತಿನಿಂದ ಅವನು ಹಾರನ್ ಒತ್ತಲಿಲ್ಲ. ಟ್ರ್ಯಾಕ್ಟರನ್ನು ತೋಟದೊಳಕ್ಕೆ ತರಲೂ ಇಲ್ಲ. ಅಧಿಕಾರಿ ಹೇಳಿದಂತೆ ಪ್ರತಿ ಮರದ ಸುತ್ತ ಬೇರು ಕಡಿಯದ ಹಾಗೆ ಸಲಾಕೆಯಿಂದ ತೂತು ಹೊಡೆದು, ಅದರಲ್ಲಿ ಕೊಳೆತ ಗೊಬ್ಬರ ತುಂಬಿದ. ಮೇಲೆ ತರಗೆಲೆ ಹೊದಿಸಿದ. ನೀರನ್ನು ಕೊಡದಲ್ಲಿ ತಾನೇ ಹೊತ್ತ. ತೀರಾ ಹೋಗಿಬಿಟ್ಟಿದ್ದ ಮರಗಳ ಬುಡವನ್ನು ಹಾರೆಯಿಂದ ಅಗೆದು ತೆಗೆದ. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸಕ್ಕೆ ಒಂದು ಬೇಸಗೆಯೇ ಹಿಡಿಯಿತು.

ಒಂದು ಸಂಜೆ ನಾನು ಅವರ ಕಟ್ಟೆಯ ಮೇಲಿದ್ದೆ. ಅವನ ಅಂಗೈ ಬೊಬ್ಬೆ ಒಡೆದು ಕೆಂಪಾಗಿತ್ತು. ಅಕ್ಕ ಬಟ್ಟೆ ಸುತ್ತುತ್ತ, "ಸಾಕು ಮಾಡೋ. ನನ್ನ ಸೊಂಟ ನೋಡಲಾರದೆ ತಾನೇ ನೀನು ಅದನ್ನ ತಂದಿದ್ದು?" ಎಂದಳು.

"ಅದೇ ಕಷ್ಟ ಅಕ್ಕ" ಎಂದ ಅವನು. "ಕೆಟ್ಟ ಬುದ್ಧಿಯಿಂದ ಮಾಡಿದ್ರೆ ನಾಲ್ಕು ಬೈಸಿಕೊಂಡು ಮುಗೀತಿತ್ತು. ನೀನು ಬಯ್ಯೋದೂ ಇಲ್ಲವಲ್ಲ."

ಅಕ್ಕ ಗಂಟು ಬಿಗಿದು ಒಳಗೆ ಹೋದಳು.

ಎರಡು ವರ್ಷದಲ್ಲಿ ನೂರಾಹನ್ನೊಂದು ಮರ ಹೋದವು. ಉಳಿದವುಗಳಲ್ಲೂ ಚಿಗುರಿದ್ದು ಅರ್ಧ. ಎರಡನೆಯ ವರ್ಷದ ಮಳೆಗಾಲದ ಕೊನೆಗೆ ಅಕ್ಕನಿಗೆ ಜ್ವರ ಬಂದು ಎದೆಗೆ ಇಳಿಯಿತು. ಮಲಗಿದ್ದು ಹದಿನೈದು ದಿನ. ಕಿಟಕಿಯ ಕಡೆ ಮಂಚ ತಿರುಗಿಸಲೇ ಎಂದು ತಮ್ಮ ಕೇಳಿದ್ದಕ್ಕೆ ಬೇಡವೆಂದಳಂತೆ. ತಂದೆ ನೆಟ್ಟ ಸಾಲಿನಲ್ಲಿ ಅಷ್ಟು ಬಯಲು ಕಾಣುವುದು ಅವಳಿಗೆ ಸಹಿಸಲಾಗದು ಎಂದುಕೊಂಡೆ. ಆಮೇಲೆ ಅವನು ಹೇಳಿದ: "ನಾನು ಕೆಲಸ ಮಾಡೋದನ್ನ ನೋಡೋಕೆ ಆಗಲ್ಲ ಅಂದಳು ಮೇಷ್ಟ್ರೆ. ನೋಡಿದ್ರೆ ಎದ್ದು ಬರಬೇಕು ಅನ್ನಿಸುತ್ತೆ ಅಂತ." ಅವಳು ಹೋದದ್ದು ಒಂದು ಮುಂಜಾನೆ, ಅವನು ಬಾವಿಯ ಬಳಿ ಇದ್ದಾಗ.

ಈಗ ಎರಡು ವರ್ಷವಾಯಿತು. ಡ್ರೈವರ್ ಒಬ್ಬನೇ ಇದ್ದಾನೆ. ಅವನ ನಡಿಗೆಯೂ ಬಾಗಿದೆ. ಮಳೆ ಬಂದರೆ ನಾಲ್ಕೈದು ದಿನ ತೋಟಕ್ಕೆ ಕಾಲಿಡುವುದಿಲ್ಲ. ಬೇಲಿಯ ಹೊರಗೆ ನಿಂತು ಹಿಡಿ ಮಣ್ಣು ತೆಗೆದು ಅದುಮಿ, ಉಂಡೆ ಬೆರಳಿನಲ್ಲಿ ಉದುರಿದರೆ ಮಾತ್ರ ಒಳಗೆ ಹೋಗುತ್ತಾನೆ. ನೆಲ ಪೂರ್ತಿ ಬಿಚ್ಚಿಕೊಳ್ಳಲು ಇನ್ನೂ ಎಂಟು ಹತ್ತು ವರ್ಷವಾದರೂ ಬೇಕು ಎಂದಿದ್ದಾಳಂತೆ ಅಧಿಕಾರಿ, ಅದೂ ಪೂರ್ತಿ ಮೊದಲಿನಂತಾಗುತ್ತದೆಂದು ಹೇಳಲಾರಳಂತೆ.

ಮೊನ್ನೆ ನಮ್ಮ ಅಂಗಳ ಗುಡಿಸಿ ಎಲೆಗಳನ್ನು ಒಂದು ಕಡೆ ಒಟ್ಟಿದ್ದೆ. ಬೆಂಕಿಪೊಟ್ಟಣ ಕೈಯಲ್ಲಿತ್ತು. ಅವನು ಬೇಲಿಯಾಚೆಯಿಂದ ಕೂಗಿದ.

"ಸುಡಬೇಡಿ ಮೇಷ್ಟ್ರೆ. ಎರಡು ಸಾಲಿಗೆ ಹೊದಿಕೆ ಸಾಲ್ತಿಲ್ಲ."

ಹರಕು ಗೋಣಿಚೀಲ ಹಿಡಿದು ಬಂದ. ಇಬ್ಬರೂ ಕುಳಿತು ತುಂಬಿದೆವು. ಟೀ ಕುಡಿದು ಹೋಗು ಎಂದೆ. ಬೇಡವೆಂದು ಚೀಲ ಬೆನ್ನಿಗೇರಿಸಿಕೊಂಡು, ಬೇಲಿಯ ಸಂದಿನ ದಾರಿಯಲ್ಲಿ ನಿಧಾನಕ್ಕೆ ಹೊರಟ.