ಪ್ರಾಟೆಸ್ಟೆಂಟರಿಗೆಲ್ಲ ಒಂದೇ ಬಣ್ಣ ಸಾಕೇ?

ಗೆಳೆಯರೇ, ಇವತ್ತು ನಂಜನಗೂಡಿನಲ್ಲಿ ಒಂದು ಬಣ್ಣಕ್ಕಾಗಿ ನಾನೂ ನನ್ನ ಗೆಳೆಯ ಸ್ಯಾಮ್ಯುಯೆಲ್ಲೂ ಜಗಳವಾಡಿದೆವು. ಹಳೆಯ ಯುರೋಪಿನ ಧರ್ಮಯುದ್ಧಗಳ ಬಗ್ಗೆ ಇಬ್ಬರೂ ಸೇರಿ ಒಂದು ಕಂಪ್ಯೂಟರ್ ಆಟ ಕಟ್ಟುತ್ತಿದ್ದೇವೆ. ನಕ್ಷೆಯಲ್ಲಿ ಲೂಥರನ್, ಕ್ಯಾಲ್ವಿನಿಸ್ಟ್ ಎಂಬ ಎರಡೂ ಪ್ರಾಟೆಸ್ಟೆಂಟ್ ಪಂಗಡಗಳಿಗೆ ನಾನು ನೀಲಿ ಬಳಿದಿದ್ದೆ.

"ಎಲ್ರೂ ಪ್ರಾಟೆಸ್ಟೆಂಟರೇ ಅಲ್ವೇನೋ? ಏಸು ಒಬ್ಬನೇ ತಾನೆ?" ಅಂದೆ.

"ನಿಮ್ಗೂ ಶಿವ ಒಬ್ಬನೇ ಕಣೋ. ಮಠ ಯಾಕೆ ಅಷ್ಟೊಂದು?" ಅಂದ.

ನಾನು ನಕ್ಕೆ. ಅವನು ನಗಲಿಲ್ಲ.

"ನಾನು ಇಷ್ಟಪಟ್ಟಿರೋ ಟಿ. ನರಸೀಪುರದ ಹುಡುಗೀನೂ ನನ್ ಥರ ಪ್ರಾಟೆಸ್ಟೆಂಟೇ. ಚರ್ಚು ಬೇರೆ ಅಂತ ಅವರಪ್ಪ ಮದ್ವೆಗೆ ಒಪ್ತಿಲ್ಲ ಕಣೋ."

ನಾನು ಎರಡು ಪಂಗಡಕ್ಕೂ ಬೇರೆ ಬೇರೆ ಬಣ್ಣ ಬಳಿದೆ. ಬಣ್ಣ ಬೇರೆಯಾದರೆ ಕಾದಾಡಬೇಕು ಅನ್ನುವುದು ನಾವೇ ಬರೆದ ನಿಯಮ; ಕೂಡಲೇ ಆಟದಲ್ಲಿ ಅವರ ನಡುವೆ ಯುದ್ಧ ಶುರುವಾಯಿತು.

ಯುದ್ಧದ ನಿಯಮ ಬರೆಯುವುದು ಸುಲಭ, ಸ್ನೇಹಿತರೇ. ಹುಡುಗಿಯ ಅಪ್ಪ ಒಪ್ಪುವ ನಿಯಮ ಮಾತ್ರ ನಮ್ಮಿಬ್ಬರಿಗೂ ಹೊಳೆಯುತ್ತಿಲ್ಲ.