ತೊಂಬತ್ತೊಂಬತ್ತು ವರ್ಷದ ಆರು ಮಕ್ಕಳು

2004ರಲ್ಲಿ ನಾನು ನೋಯ್ಡಾದ ಒಂದು ತರಬೇತಿ ಸಂಸ್ಥೆಯಲ್ಲಿ ಸರ್ಕಾರಿ ನೌಕರರಿಗೆ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಆ ವರ್ಷ ಲ್ಯಾಬಿಗೆ ಹೊಸ ಕಂಪ್ಯೂಟರುಗಳು ಬಂದವು. ನಾನಂತೂ ಹಿಗ್ಗಿ ಹೀರೇಕಾಯಿಯಾಗಿದ್ದೆ. ಕಾಗದದ ಮೇಲೆ ಲೆಕ್ಕ ಮಾಡುವವರನ್ನು ಕಂಡರೆ ಗೇಲಿ ಮಾಡುತ್ತಿದ್ದೆ.

ಹೆಂಡತಿ ತೀರಿಕೊಂಡ ಮೇಲೆ ದೆಹಲಿಯ ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ನಾನೊಬ್ಬನೇ. ವಾರವಿಡೀ ಕನ್ನಡ ಮಾತಾಡಲು ಸಿಗುತ್ತಿದ್ದವಳು ನನ್ನ ತರಗತಿಯ ಶಬಾನಾ ಮಾತ್ರ. ಬೀದರಿನಿಂದ ಬಂದವರ ಮಗಳು, ದೆಹಲಿಯದೇ ಪೀತಮ್‌ಪುರದಲ್ಲಿ ಬೆಳೆದವಳು, ಕಚೇರಿಯೊಂದರಲ್ಲಿ ಕ್ಲಾರ್ಕ್. ತರಬೇತಿಯ ನಡುವಿನ ಪರೀಕ್ಷೆಯಲ್ಲಿ ನಪಾಸಾದರೆ ಬಡ್ತಿ ಇಲ್ಲ, ಅವಳಿಗೆ ಅದು ಕೊನೆಯ ಅವಕಾಶ. ಟೀ ವಿರಾಮದಲ್ಲಿ ಅವಳ ಹಿಂದಿ ಬೆರೆತ ಕನ್ನಡಕ್ಕಾಗಿ ನಾನು ಕಾಯುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾದರೂ ನಿಜ.

ಪರೀಕ್ಷೆಗೆಂದು ಐದನೇ ತರಗತಿಯ ನಲವತ್ತು ಮಕ್ಕಳ ವಯಸ್ಸಿನ ಫೈಲ್ ಸಿದ್ಧಪಡಿಸಿದೆ. ವಯಸ್ಸು ಗೊತ್ತಿಲ್ಲದ ಕಡೆ 99 ತುಂಬುವುದು ನಮ್ಮಲ್ಲಿ ರೂಢಿ. ಅದು ವಯಸ್ಸಲ್ಲ, ಸಿಗದ ಮಾಹಿತಿ ಎಂದು ಸಾಫ್ಟ್‌ವೇರಿಗೆ ಮೊದಲೇ ತಿಳಿಸಬೇಕು. ಆರು ಕಡೆ 99 ತುಂಬಿದ ನಾನು ತಿಳಿಸುವುದನ್ನು ಮರೆತೆ. ಸರಾಸರಿ 23.35 ಬಂತು. ಪರದೆ ತೋರಿಸಿದ್ದನ್ನೇ ಸರಿಯುತ್ತರವೆಂದು ಗುರುತು ಹಾಕಿಕೊಂಡೆ. ಎಲ್ಲರೂ ಅದನ್ನೇ ಬರೆದರು. ಶಬಾನಾ ಮಾತ್ರ 10 ಎಂದು ಬರೆದಿದ್ದಳು. ಸೊನ್ನೆ ಹಾಕಿದೆ. ಅಷ್ಟರಿಂದಲೇ ಅವಳು ನಪಾಸಾದಳು.

ಫಲಿತಾಂಶ ನೋಡಿ ನನ್ನ ಕೋಣೆಗೆ ಬಂದಳು. "ಸರ್, ಐದನೇ ಕ್ಲಾಸ್ ಬಚ್ಚೇ ಇಪ್ಪತ್ಮೂರು ವರ್ಷದವರು ಹೇಗ್ ಆಗ್ತಾರೆ? ನಾನು ಪೇಪರ್ ಮೇಲೆ ಮಾಡಿ ನೋಡ್ದೆ."

"ಕಂಪ್ಯೂಟರ್ ತಪ್ಪು ಮಾಡಲ್ಲಮ್ಮಾ. ಕೈಲೆಕ್ಕ ಬಿಡು ಅಂತ ಎಷ್ಟು ಸಲ ಹೇಳಿದ್ದೀನಿ?"

"ಅಚ್ಛಾ, ಸರ್," ಎಂದು ಹೊರಟುಹೋದಳು.

ಭಾನುವಾರ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಅವಳ ಪ್ರಶ್ನೆ ಕೊರೆಯುತ್ತಲೇ ಇತ್ತು. ಪೆನ್ನು ಹಿಡಿದು ಕೂತೆ. ಆ ಆರು ಮಕ್ಕಳನ್ನು ಬಿಟ್ಟು ಮೂವತ್ತನಾಲ್ಕರಿಂದ ಭಾಗಿಸಿದರೆ ಸರಿಯಾಗಿ ಹತ್ತು! ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು. ಮರುದಿನ ನಿರ್ದೇಶಕರಿಗೆ ತಪ್ಪೊಪ್ಪಿಗೆಯ ಪತ್ರ ಕೊಟ್ಟೆ. ಶಬಾನಾ ಪಾಸಾದಳು. ಸಹೋದ್ಯೋಗಿಗಳು ನನ್ನನ್ನು ಸಾಕಷ್ಟು ಆಡಿಕೊಂಡರು, ಅದು ನ್ಯಾಯವೇ.

ಟೀ ವಿರಾಮದಲ್ಲಿ ಅವಳ ಬಳಿ ಹೋದೆ. "ತಪ್ಪು ನಂದಮ್ಮಾ. ಅವತ್ತು ನಿನ್ನ ಮಾತು ಕೇಳಬೇಕಿತ್ತು."

"ಇಟ್ಸ್ ಓಕೆ, ಸರ್. ಥ್ಯಾಂಕ್ ಯೂ," ಎಂದಳು, ಬಹಳ ಮರ್ಯಾದೆಯಿಂದ.

ಎಲ್ಲರಿಗಿಂತ ಬೇರೆ ಉತ್ತರ ಬರೆದವರನ್ನು ಎದುರಿಗೆ ಕೂರಿಸಿಕೊಂಡು "ಹೇಗೆ ಮಾಡಿದೆ, ತೋರಿಸು" ಎನ್ನುವುದನ್ನು ಅಂದಿನಿಂದ ನಿವೃತ್ತಿಯವರೆಗೆ ನಾನು ತಪ್ಪಿಸಲಿಲ್ಲ. ಶಬಾನಾ ಮಾತ್ರ ಉಳಿದ ಎರಡು ತಿಂಗಳೂ ನನ್ನೊಡನೆ ಇಂಗ್ಲಿಷಿನಲ್ಲೇ ಮಾತಾಡಿದಳು.