ಸಾಯುವುದನ್ನು ಹೇಳಿಕೊಡಲು ಹೋಗಿ

ಸ್ನೇಹಿತರೇ, ಇದನ್ನು ಬೋರಲು ಮಲಗಿ, ಸೊಂಟದ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಅಗ್ರಹಾರದ ಬೇಸಿಗೆ ಶಿಬಿರದ ಮಕ್ಕಳಿಂದ ನಾಟಕ ಕಂಪನಿಗಳ ಕಾಲದ ಹಳೆಯ ನಾಟಕವೊಂದನ್ನು ಆಡಿಸುತ್ತಿದ್ದೇನಲ್ಲ, ಅದರಲ್ಲಿ ಮುದಿ ರಾಜ ಸಾಯಬೇಕು, ರಾಣಿ ಅಳಬೇಕು. ನಮ್ಮ ರಾಜ ಚಿನ್ಮಯ್ ಸತ್ತ ಮೇಲೂ ಕಾಲು ಕೆರೆದುಕೊಳ್ಳುತ್ತಾನೆ. ಅದನ್ನು ನೋಡಿ ರಾಣಿ ಸಿಂಚನಾ ಕಿಸಕ್ಕನೆ ನಗುತ್ತಾಳೆ. ವಾರದಿಂದ ಇದೇ ಕತೆ.

ಇವತ್ತು ತಾಳ್ಮೆ ಕೆಟ್ಟಿತು. "ಸರಿಯೋ ಈ ಕಡೆ! ಸಾಯೋದು ಹೆಂಗೆ ಅಂತ ನಾನು ತೋರಿಸ್ತೀನಿ" ಎಂದು ಅವನ ಕಿರೀಟ ಕಿತ್ತು ನನ್ನ ತಲೆಗಿಟ್ಟುಕೊಂಡೆ. ಎದೆ ಹಿಡಿದು, ತೂರಾಡಿ, ದೊಪ್ಪನೆ ಬಿದ್ದೆ. ಸೊಂಟ ಕಳಕ್ ಎಂದು ಹಿಡಿದುಕೊಂಡಿತು. "ಅಯ್ಯೋ ಅಮ್ಮಾ!" ಎಂದು ಕಿರುಚಿದೆ.

"ಸರ್, ಓವರ್ ಆಕ್ಟಿಂಗ್ ಬೇಡ" ಎಂದ ಚಿನ್ಮಯ್. ನಾನು ದಿನವೂ ಅವನಿಗೆ ಹೇಳುವ ಮಾತು.

ಏಳಲು ನೋಡಿದೆ, ಆಗಲಿಲ್ಲ. ಅಷ್ಟರಲ್ಲಿ ಸಿಂಚನಾ ಪಕ್ಕದಲ್ಲಿ ಕುಸಿದು ಕೂತು, ಒಂದು ಮಾತೂ ತಪ್ಪದೆ ಅಳತೊಡಗಿದಳು. ಮಂತ್ರಿ ದಿನವೂ ಮರೆಯುವ ಮಾತನ್ನು ತಡವರಿಸದೆ ಹೇಳಿದ. ಸೈನಿಕರು ತಲೆ ತಗ್ಗಿಸಿ ನಿಂತರು. ಇಂಥ ದೃಶ್ಯ ಕೆಡಿಸಲು ಯಾವ ನಿರ್ದೇಶಕನಿಗೆ ಮನಸ್ಸು ಬಂದೀತು? ಹಲ್ಲು ಕಚ್ಚಿಕೊಂಡು ಹೆಣವಾಗಿಯೇ ಬಿದ್ದಿದ್ದೆ.

ಕೊನೆಗೆ ಸೈನಿಕರೇ ನನ್ನನ್ನು ಎತ್ತಿ ಕೂರಿಸಿದರು. ಕಿರೀಟ ವಾಪಸ್ ಕೊಡಹೋದರೆ ಚಿನ್ಮಯ್ ಕೈ ಕಟ್ಟಿಕೊಂಡು ಹಿಂದೆ ಸರಿದ.

"ಬೇಡ ಸರ್, ನಾಟಕದ ದಿನಾನೂ ನೀವೇ ಸತ್ತೋಗ್ಬುಡಿ. ನೀವು ಬದುಕಿದ್ರೆ ಯಾರಿಗೂ ಡೈಲಾಗೇ ಬರಲ್ಲ."